ಸೋಮವಾರ ಮಾತ್ರ ನಡುಗುವ ಬೈಕು

ಕೂಡ್ಲಿಗಿಯಲ್ಲಿ ಹೆದ್ದಾರಿಯ ಪಕ್ಕ, ಚೌಡಣ್ಣನ ಚಹಾದ ಹೋಟೆಲಿಗೆ ಅಂಟಿಕೊಂಡಂತೆ ಹುಲುಗಮ್ಮಕ್ಕನ ತಗಡಿನ ಶೆಡ್ಡು ಇತ್ತು. ಮುಂದೆ ನಿಲ್ಲಿಸಿದ ಹಳೇ ಲಾರಿ ಟಯರಿನ ಮೇಲೆ ಸುಣ್ಣದಲ್ಲಿ ‘ಪಂಚರ್’ ಎಂದು ಬರೆದಿತ್ತು. ಬೈಕ್ ರಿಪೇರಿಯ ಮಾತು ಎಲ್ಲೂ ಬರೆದಿರಲಿಲ್ಲ. ಆದರೂ ೧೯೯೯ರಲ್ಲಿ ಊರಿನ ಅರ್ಧಕ್ಕರ್ಧ ಬೈಕುಗಳು ಬಿಚ್ಚಿಕೊಂಡು ಮಲಗುತ್ತಿದ್ದದ್ದು ಅವಳ ಶೆಡ್ಡಿನಲ್ಲೇ. ನಾನು ಬರೆಯಹೊರಟಿರುವುದು ಅವಳ ಬಗ್ಗೆ. ನಡುನಡುವೆ ನನ್ನ ಮಾತೂ ಬರುತ್ತದೆ, ಯಾಕೆಂದರೆ ಆ ವರ್ಷ ಅವಳ ಹೆಸರಿಗೆ ಮಸಿ ಬಳಿದವನು ನಾನೇ.

ಶೆಡ್ಡು ಹಾಕಿದವನು ಅವಳ ಗಂಡ ಗಂಗಪ್ಪ. ಮದುವೆಯಾಗಿ ಬಂದ ಹುಲುಗಮ್ಮ ಮೊದಮೊದಲು ನೀರಿನ ಬಾನಿಯಲ್ಲಿ ಟ್ಯೂಬು ಅದ್ದಿ, ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡಿ ಹೇಳುತ್ತಿದ್ದಳಂತೆ. ಆಮೇಲೆ ನಟ್ಟು ಬಿಚ್ಚುವ ಪಾನಾ ಎತ್ತಿ ಕೊಡತೊಡಗಿದಳು. ಆಮೇಲೆ ಯಾವ ಪಾನಾ ಬೇಕೆಂದು ಗಂಡನಿಗೇ ಹೇಳತೊಡಗಿದಳು. ಗಂಗಪ್ಪ ಶೆಡ್ಡು ಬಿಟ್ಟು ಅದಿರು ಲಾರಿ ಹತ್ತಿದ್ದು ಇದೇ ಕಾರಣಕ್ಕೆ ಎಂದು ಚೌಡಣ್ಣ ಹೇಳುತ್ತಿದ್ದ. ನಾನು ಒಮ್ಮೆ ಗಂಗಪ್ಪನನ್ನೇ ಕೇಳಿದೆ. ಅವನು ಹಿಂದೆ ಮುಂದೆ ನೋಡಿ, “ಹೌದ್ರಿ ಸಾರ್, ಲಾರಿಯಾಗ ಯಾರೂ ನನ್ನ ತಪ್ಪು ಹಿಡಿಯಂಗಿಲ್ಲ” ಎಂದ.

ನಲವತ್ತರ ಆಸುಪಾಸಿನ ಹೆಂಗಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅದರ ಮೇಲೆ ಗಂಡನ ಹಳೇ ಖಾಕಿ ಅಂಗಿ ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂತರೆ ಊಟದ ಹೊತ್ತಿಗೂ ಏಳುತ್ತಿರಲಿಲ್ಲ. ಬೈಕು ಓಡಿಸಲು ಮಾತ್ರ ಅವಳಿಗೆ ಬರುತ್ತಿರಲಿಲ್ಲ. ರಿಪೇರಿಯಾದ ಗಾಡಿಯನ್ನು ನೋಡಬೇಕಾದರೆ ಗಾಡಿಯವನನ್ನೇ ಓಡಿಸಲು ಹೇಳಿ, ತಾನು ಹಿಂದೆ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತು, ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನೋಡಿದವರು ಭಯಕ್ಕೆ ಎಂದುಕೊಳ್ಳುತ್ತಿದ್ದರು. “ಕಣ್ಣು ತೆಗದ್ರ ಗಾಡಿ ಮಾತು ಕೇಳಂಗಿಲ್ರಿ, ಬರೇ ರೋಡು ಕಾಣ್ತೈತಿ” ಎನ್ನುತ್ತಿದ್ದಳು. ಹಾಗೆ ಕೂತು ಹೋಗಿ ಬಂದವಳು ಇಳಿದ ಕೂಡಲೇ, ಹಿಂದಿನ ಗಾಲಿಯ ಎಡಗಡೆ ಮೂರು ಕಡ್ಡಿ ಸಡಿಲವಾಗಿವೆ ಎಂದು ಹೇಳಿದ್ದನ್ನು ನಾನೇ ಕಂಡಿದ್ದೇನೆ. ಪಾನಾದಿಂದ ಒಂದೊಂದೇ ಕಡ್ಡಿಗೆ ತಟ್ಟಿ ನೋಡಿದರೆ ಮೂರರ ದನಿ ಮಾತ್ರ ಬೇರೆಯಾಗಿತ್ತು.

ಇನ್ನು ನನ್ನ ವಿಷಯ. ಹೆಸರು ಭೀಮೇಶ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ವಯಸ್ಸು ಇಪ್ಪತ್ತೇಳು, ಕೋಪ ಮೂಗಿನ ತುದಿಯಲ್ಲಿ. ಊರು ಹಡಗಲಿ ತಾಲ್ಲೂಕಿನ ಹೊಳಲು. ವಾರವೆಲ್ಲ ಕೂಡ್ಲಿಗಿಯ ಬಾಡಿಗೆ ರೂಮಿನಲ್ಲಿದ್ದು, ಶನಿವಾರ ಮಧ್ಯಾಹ್ನ ನನ್ನ ನೂರು ಸಿಸಿ ಬೈಕಿನಲ್ಲಿ ಊರಿಗೆ ಹೋಗಿ, ಸೋಮವಾರ ಬೆಳಿಗ್ಗೆ ವಾಪಸು ಬರುತ್ತಿದ್ದೆ. ಗುಡಿಯಲ್ಲಿ ಅನಂತಶಯನ ಮಲಗಿರುವ ಊರಿನವನಾದ್ದರಿಂದ ನಾನೂ ಸೋಮವಾರ ತಡವಾಗಿಯೇ ಏಳುತ್ತಿದ್ದೆ ಎಂದು ಹುಲುಗಮ್ಮಕ್ಕ ಚೇಷ್ಟೆ ಮಾಡುತ್ತಿದ್ದಳು. ಅದು ನಿಜವೂ ಆಗಿತ್ತು. ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ಗಡಿಯಾರ ನೋಡಿ ಎಕ್ಸಲೇಟರ್ ತಿರುವುತ್ತಿದ್ದೆ.

ಆ ವರ್ಷದ ಮಾರ್ಚಿನ ಒಂದು ಸೋಮವಾರ ಸ್ಪೀಡಿನ ಮುಳ್ಳು ಅರವತ್ತು ದಾಟಿತ್ತು. ಹ್ಯಾಂಡಲ್ ಮೊದಲು ಸಣ್ಣಗೆ ಜುಮ್ಮೆಂದಿತು. ಆಮೇಲೆ ಎಡಕ್ಕೂ ಬಲಕ್ಕೂ ಬಡಿದಾಡಿತು. ನೀರಿನಿಂದ ಎದ್ದು ಬಂದ ನಾಯಿ ಮೈ ಕೊಡವುತ್ತದಲ್ಲ, ಹಾಗೆ ಇಡೀ ಗಾಡಿ ಕೊಡವಿತು. ಎದುರಿಗೆ ಲಾರಿ ಬರುತ್ತಿತ್ತು. ಬಿಗಿಯಾಗಿ ಹಿಡಿದಷ್ಟೂ ನಡುಕ ಹೆಚ್ಚಿತು. ಎಕ್ಸಲೇಟರ್ ಬಿಟ್ಟೆ, ಐವತ್ತಕ್ಕೆ ಇಳಿಯಿತು, ನಡುಕ ತಾನಾಗಿ ನಿಂತಿತು. ರಸ್ತೆ ಪಕ್ಕದ ಜಾಲಿ ಮರದ ಕೆಳಗೆ ಗಾಡಿ ನಿಲ್ಲಿಸಿ, ಹತ್ತು ನಿಮಿಷ ಸುಮ್ಮನೆ ಕೂತೆ. ಪ್ರಾಣ ಹೋಗಿ ಬಂದಂತಾಗಿತ್ತು.

ಕೂಡ್ಲಿಗಿಗೆ ಬಂದು, ಒಂದು ಚಿಕ್ಕ ಕೆಲಸ ಮುಗಿಸಿ, ಹುಲುಗಮ್ಮಕ್ಕನ ಶೆಡ್ಡಿಗೆ ಹೋದೆ. ಆ ಚಿಕ್ಕ ಕೆಲಸ ಏನೆಂದು ಆಮೇಲೆ ಹೇಳುತ್ತೇನೆ. ಅದನ್ನು ಅವಳಿಗೆ ಹೇಳದೇ ಇದ್ದದ್ದೇ ಈ ಕಥೆ.

“ಎಷ್ಟು ಸ್ಪೀಡಿಗೆ ನಡುಗುತೈತ್ರಿ?” ಎಂದು ಕೇಳಿದಳು.

“ಅರವತ್ತು ದಾಟಿದ್ರ ಸಾಕಕ್ಕ.”

“ಹಿಂದ ಲೋಡು ಏನರ ಇತ್ತೇನ್ರಿ?”

“ಏನಿಲ್ಲ, ಒಂದು ಬಟ್ಟಿ ಚೀಲ.”

ಅವಳು ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ, ಮುಂದಿನ ಗಾಲಿ ನೆಲ ಬಿಡುವಂತೆ ಕೆಳಗೆ ಮಣೆ ಕೊಟ್ಟಳು. ಹ್ಯಾಂಡಲನ್ನು ಒಂದೇ ಬೆರಳಿನಿಂದ ಆ ಕಡೆ ಈ ಕಡೆ ದೂಡಿದಳು. ಮುಂದಿನ ಫೋರ್ಕನ್ನು ಕೆಳಗೆ ಹಿಡಿದು ಹಿಂದಕ್ಕೆ ಮುಂದಕ್ಕೆ ಅಲ್ಲಾಡಿಸಿದಳು. ಹ್ಯಾಂಡಲಿನ ಬುಡದಲ್ಲಿ ಗುಂಡುಗಳಿರುವ ಕೋನ್ ಸೆಟ್ ಕೂದಲೆಳೆಯಷ್ಟು ಸಡಿಲವಾಗಿತ್ತು. ಅದನ್ನು ಬಿಗಿ ಮಾಡಿ, ತಾನು ಹಿಂದೆ ಕೂತು, ನನ್ನಿಂದ ಹೆದ್ದಾರಿಯಲ್ಲಿ ಎಪ್ಪತ್ತರವರೆಗೆ ಓಡಿಸಿ ನೋಡಿದಳು. ಗಾಡಿ ಕಲ್ಲಿನ ಹಾಗೆ ಅಲುಗದೆ ಓಡಿತು. ಮುಂದಿನ ಸೋಮವಾರ ಮತ್ತೆ ನಡುಗಿತು.

ಎರಡನೇ ಸಲ ಹಿಂದಿನ ಗಾಲಿಯನ್ನು ಹಿಡಿದಿರುವ ಆರ್ಮಿನ ಬುಷ್ ಹಾಕಿ, ಕಡ್ಡಿಗಳನ್ನೆಲ್ಲ ಎಳೆದು ಬಿಗಿ ಮಾಡಿದಳು. ಮೂರನೇ ಸಲ ಮುಂದಿನ ಟಯರು ಬದಲಿಸಿದಳು, ಎರಡು ಗಾಲಿಗಳೂ ಒಂದೇ ಗೆರೆಯಲ್ಲಿವೆಯೇ ಎಂದು ದಾರ ಎಳೆದು ನೋಡಿದಳು. ಪ್ರತಿ ಸಲವೂ ಅವಳು ಹಿಂದೆ ಕೂತಾಗ ಗಾಡಿ ಸಾಧು. ಪ್ರತಿ ಸೋಮವಾರವೂ ನಾನೊಬ್ಬನೇ ಬರುವಾಗ ಅದಕ್ಕೆ ಮೈಮೇಲೆ ಬಂದಂತೆ ಆಗುತ್ತಿತ್ತು. ಪ್ರತಿ ಸಲವೂ ಅವಳು ಲೋಡಿನ ಬಗ್ಗೆ ಕೇಳುತ್ತಿದ್ದಳು. ಪ್ರತಿ ಸಲವೂ ನಾನು ಬಟ್ಟೆ ಚೀಲದ ಬಗ್ಗೆ ಹೇಳುತ್ತಿದ್ದೆ.

ನಾಲ್ಕನೇ ಸೋಮವಾರ ನನಗೆ ತಲೆ ಕೆಟ್ಟಿತು. ಚೌಡಣ್ಣನ ಹೋಟೆಲಿನಲ್ಲಿ ನಿಂತು, ಚಹಾ ಕುಡಿಯುತ್ತಿದ್ದವರೆಲ್ಲ ಕೇಳುವ ಹಾಗೆ ಕೂಗಾಡಿದೆ. “ಕೈಗೆ ಬಳಿ ಹಾಕ್ಕೊಂಡು ಪಾನಾ ಹಿಡದ್ರ ಇದ ಆಗಾದು! ಪಂಚರ್ ಹಾಕ್ಕೊಂಡಿರೋರು ಪಂಚರ್ ಹಾಕ್ಕೊಂಡಿರ್ಬೇಕು!” ಇನ್ನೂ ಏನೇನೋ ಬಾಯಿಗೆ ಬಂದಂತೆ ಅಂದೆ. ಬರೆಯಲು ನಾಚಿಕೆಯಾಗುತ್ತದೆ.

ಗೋಡೆಯ ಆಚೆ ಸುತ್ತಿಗೆಯ ಸದ್ದು ನಿಂತಿತು. ಹುಲುಗಮ್ಮಕ್ಕ ಕೈ ಒರೆಸಿಕೊಳ್ಳುತ್ತ ಬಂದು ಹೋಟೆಲಿನ ಬಾಗಿಲಲ್ಲಿ ನಿಂತಳು. ಒಳಗೆ ಹಳೇ ಬಸ್‌ಸ್ಟ್ಯಾಂಡಿನ ಮೆಕ್ಯಾನಿಕ್ ಅಂಜಿನೇಯಲು ಕೂಡ ಕೂತಿದ್ದ. ಅವಳಿಗೆ ಪೈಪೋಟಿ ಕೊಡುವವನು ಊರಲ್ಲಿ ಅವನೊಬ್ಬನೇ.

“ಸಾರ್, ಇನ್ನೊಂದು ಸಲ ನೋಡ್ತೀನಿ,” ಎಂದಳು. “ಆಗ್ಲೂ ಈ ಗಾಡಿ ರೋಗ ಸಿಗ್ಲಿಲ್ಲಂದ್ರ, ಬೈಕ್ ಮುಟ್ಟೋದು ಬಿಟ್ಟು ಬರೇ ಪಂಚರ್ ಹಾಕ್ತೀನಿ. ಏ ಅಂಜಿನೇಯಲು, ನನ್ನ ಟೂಲ್ ಡಬ್ಬಿ ನಿನಗ. ಎಲ್ರೂ ಕೇಳಿದ್ರಲ್ಲ?”

ಎಲ್ಲರೂ ಕೇಳಿದ್ದರು. ನಾನೂ ಕೇಳಿದ್ದೆ, ಕೇಳಿ ಚಹಾ ಹೀರಿದೆ.

ಈಗ ಆ ಚಿಕ್ಕ ಕೆಲಸದ ಮಾತು. ಕೂಡ್ಲಿಗಿಯ ಪ್ರೈಮರಿ ಶಾಲೆಗೆ ಸಮತಾ ಎಂಬ ಟೀಚರು ಹಿಂದಿನ ವರ್ಷ ಬಂದಿದ್ದಳು. ಸಂಬಳದ ಕಾಗದಕ್ಕೆಂದು ನಮ್ಮ ಕಚೇರಿಗೆ ಬಂದವಳು, ಇಲ್ಲಿನ ಬೋರಿನ ನೀರಿಗೆ ಬೇಳೆಯೇ ಬೇಯುವುದಿಲ್ಲ ಎಂದು ಮಾತಿನ ನಡುವೆ ಹೇಳಿದಳು. ನಮ್ಮ ಕಡೆಯ ಜನಕ್ಕೆ ಇಷ್ಟು ಕೇಳಿದರೆ ಸಾಕು. ನಮ್ಮ ಹೊಳೆ ದಂಡೆಯವರು ಬೀಗರ ಊರಿಗೆ ಹೋಗುವಾಗಲೂ ಒಂದು ಕ್ಯಾನು ಹೊಳೆ ನೀರು ಹಿಡಿದುಕೊಂಡು ಹೋಗುತ್ತಾರೆ, ಬೇಳೆ ಬೇಯಲಿ ಎಂದು. ಅದನ್ನು ಯಾರೂ ಸಾಮಾನು ಎಂದು ಎಣಿಸುವುದಿಲ್ಲ. ಬಸ್ಸಿನ ಕಂಡಕ್ಟರೂ ಲಗೇಜ್ ಚೀಟಿ ಹರಿಯುವುದಿಲ್ಲ. ನೀರು ನೀರಷ್ಟೇ, ಅದು ಲೋಡು ಹೇಗಾದೀತು? ಮೊದಲ ಸೋಮವಾರ ಹುಲುಗಮ್ಮಕ್ಕನಿಗೆ ಲೋಡಿಲ್ಲ ಎಂದಾಗ, ದೇವರಾಣೆಗೂ ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ನನಗೇ ಅನ್ನಿಸಿರಲಿಲ್ಲ.

ಡಿಸೆಂಬರಿನಿಂದ ಪ್ರತಿ ಸೋಮವಾರ ಹತ್ತು ಲೀಟರಿನ ಕ್ಯಾನು ಒಯ್ಯುತ್ತಿದ್ದೆ. ಬೇಸಿಗೆ ಬಂತೆಂದು ಮಾರ್ಚಿನಲ್ಲಿ ಇಪ್ಪತ್ತು ಲೀಟರಿನ ಎಣ್ಣೆ ಕ್ಯಾನಿಗೆ ಏರಿಸಿದೆ. ಅದರ ಮುಚ್ಚಳ ಸೋರುತ್ತಿತ್ತು, ಅದಕ್ಕೆ ಮುಕ್ಕಾಲು ಮಾತ್ರ ತುಂಬಿಸಿ, ಬಟ್ಟೆ ಚೀಲ ನೆನೆಯದಿರಲೆಂದು ಕ್ಯಾರಿಯರಿನ ಕೊಟ್ಟಕೊನೆಗೆ ಕತ್ತದ ಹಗ್ಗದಿಂದ ಕಟ್ಟುತ್ತಿದ್ದೆ. ಕೂಡ್ಲಿಗಿ ಮುಟ್ಟಿದ ತಕ್ಷಣ ಸಮತಾಳ ಬಾಡಿಗೆ ಮನೆಯ ಹಿತ್ತಿಲ ಬಾಗಿಲಲ್ಲಿ ಅದನ್ನು ಇಳಿಸಿ, ಹಿಂದಿನ ವಾರದ ಖಾಲಿ ಕ್ಯಾನು ರೂಮಿಗೆ ಹಾಕಿ, ಆಮೇಲೆ ಶೆಡ್ಡಿಗೆ ಹೋಗುತ್ತಿದ್ದೆ. ಆ ಸಮತಾ ಈಗ ನನ್ನ ಹೆಂಡತಿ. ಇದನ್ನು ಬರೆಯುವಾಗ ಹಿಂದೆ ನಿಂತು ಓದುತ್ತಿದ್ದಾಳೆ. “ನಾನು ನೀರು ಕೇಳೇ ಇಲ್ಲ, ಬೇಳೆ ಬೇಯೋದಿಲ್ಲ ಅಂದೆ ಅಷ್ಟೇ, ಅದನ್ನೂ ಬರಿ” ಎನ್ನುತ್ತಿದ್ದಾಳೆ. ಬರೆದಿದ್ದೇನೆ.

ಐದನೇ ವಾರ ಸಮತಾ ರಜೆ ಹಾಕಿ ಹರಪನಹಳ್ಳಿಯ ತವರಿಗೆ ಹೋಗಿದ್ದಳು. ಹಾಗಾಗಿ ಸೋಮವಾರ ನೀರಿಲ್ಲ. ಅವತ್ತು ಅರವತ್ತೈದು, ಎಪ್ಪತ್ತು, ಎಷ್ಟಕ್ಕೆ ಏರಿಸಿದರೂ ಹ್ಯಾಂಡಲ್ ಮಿಸುಕಲಿಲ್ಲ. ಅದೇ ಜಾಲಿ ಮರದ ಹತ್ತಿರ ಬಂದಾಗ ನನಗೆ ಹೊಳೆಯಿತು. ನಡುಕ ಗಾಡಿಯದಲ್ಲ, ಕ್ಯಾನಿನದು.

ಹೋಗಿ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಹೇಳಿದರೆ ಟೀಚರ ಹೆಸರು ಊರಿನ ಬಾಯಿಗೆ ಬೀಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ತಾಲ್ಲೂಕು ಕಚೇರಿಯ ಗುಮಾಸ್ತ ಎಂಬತ್ತು ಕಿಲೋಮೀಟರು ನೀರು ಹೊರುತ್ತಾನೆ ಎಂದು ಜನ ನಗುವುದು ನನಗೆ ಬೇಡವಾಗಿತ್ತು. ಅದಕ್ಕೆ ಶೆಡ್ಡಿನ ಮುಂದೆ ಹಾಯುವುದನ್ನೇ ಬಿಟ್ಟು, ಹಿಂದಿನ ಓಣಿಯಿಂದ ಓಡಾಡತೊಡಗಿದೆ. ಓಣಿಯಿಂದಲೂ ಶೆಡ್ಡು ಕಾಣುತ್ತಿತ್ತು. ಮೊದಲು ಏಳೆಂಟು ಬೈಕು ನಿಲ್ಲುತ್ತಿದ್ದಲ್ಲಿ ಈಗ ಒಂದೋ ಎರಡೋ. ನಮ್ಮ ಕಚೇರಿಯವರೆಲ್ಲ ನನ್ನ ಮಾತು ಕೇಳಿ ಅಂಜಿನೇಯಲು ಹತ್ತಿರ ಹೋಗತೊಡಗಿದ್ದರು. ಗಂಗಪ್ಪ ಲಾರಿಯಿಂದ ಇಳಿದು ಬಂದವನು ನನ್ನನ್ನು ರಸ್ತೆಯಲ್ಲಿ ಹಿಡಿದು ಕೇಳಿದ. “ಸಾರ್, ಏನಂದ್ರಿ ಆಕಿಗೆ? ನಟ್ಟು ಬಿಗಿ ಮಾಡಿ ಮತ್ತ ಬಿಚ್ತಾಳ, ಮತ್ತ ಬಿಗಿ ಮಾಡ್ತಾಳ. ಪಾನಾ ಹಿಡಿದ್ರ ಕೈ ನಡುಗ್ತಾವ.” ಏನೂ ಅಂದಿಲ್ಲ ಎಂದು ಅವನಿಗೂ ಸುಳ್ಳು ಹೇಳಿದೆ.

ಮುಂದಿನ ಸೋಮವಾರ ಸಮತಾ ಬಂದಿದ್ದಳು, ನೀರೂ ಬಂತು. ನಲವತ್ತು ದಾಟಿಸದೆ ಬಂದು, ಕಚೇರಿಗೆ ತಡವಾಗಿ, ಸಾಹೇಬರಿಂದ ಬೈಸಿಕೊಂಡು ಕೂತಿದ್ದೆ. ಹನ್ನೊಂದಕ್ಕೆ ಜವಾನ ಬಂದು, “ಸಾರ್, ಆ ಮೆಕ್ಯಾನಿಕ್ ಅಕ್ಕ ನಿಮ್ಮ ಗಾಡಿ ಹಿಂದ ಕುಂತಾಳ” ಎಂದ.

ಹೋಗಿ ನೋಡಿದರೆ ಅಂಗಳದ ಬೈಕುಗಳ ಸಾಲಿನಲ್ಲಿ ನನ್ನ ಬೈಕಿನ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಕರೆದರೂ ತಲೆ ಎತ್ತಲಿಲ್ಲ.

“ಸಾರ್, ಹೊಳಲು ಕಡಿ ಮಳಿ ಆತೇನ್ರಿ?”

“ಏಪ್ರಿಲ್‌ನಾಗ ಎಲ್ಲಿ ಮಳಿಯಕ್ಕ!”

“ಹಂಗಾದ್ರ ಇದನ್ನ ಯಾರು ತೊಳದ್ರು?”

ಗಾಡಿಯ ಮೈಯೆಲ್ಲ ಕೆಂಧೂಳು ಮೆತ್ತಿಕೊಂಡಿತ್ತು. ಹಿಂದಿನ ದೀಪ ಮತ್ತು ನಂಬರ್ ಪ್ಲೇಟು ಮಾತ್ರ ತೊಳೆದಂತಿದ್ದವು, ಮೇಲಿಂದ ನೀರು ಇಳಿದ ಗೆರೆಗಳು ಒಣಗಿ ನಿಂತಿದ್ದವು. ಕ್ಯಾರಿಯರಿನ ತುದಿಯ ಕಂಬಿಗೆ ಕತ್ತದ ಎರಡು ಎಳೆ ಸಿಕ್ಕಿಕೊಂಡಿದ್ದವು. ಅವನ್ನು ಬಿಡಿಸಿ ಅಂಗೈ ಮೇಲೆ ಇಟ್ಟುಕೊಂಡು ನನಗೆ ತೋರಿಸಿದಳು.

“ಸಂಜಿ ಐದೂವರಿಗೆ ಶೆಡ್ಡಿಗೆ ಬರ್ರಿ,” ಎಂದು ಎದ್ದು ಹೋದಳು.

ಐದೂವರೆಗೆ ಶೆಡ್ಡಿನ ಮುಂದೆ ಇಪ್ಪತ್ತು ಜನ. ಚೌಡಣ್ಣ ಒಲೆಯನ್ನೇ ಬಿಟ್ಟು ಬಂದಿದ್ದ. ಅಂಜಿನೇಯಲು ತನ್ನ ಬೈಕಿನ ಮೇಲೆ ಕೂತಿದ್ದ, ಅವನ ಮುಂದೆ ನೆಲದ ಮೇಲೆ ಹುಲುಗಮ್ಮಕ್ಕನ ಟೂಲ್ ಡಬ್ಬಿ ಇತ್ತು. ಅವಳು ನನ್ನ ಕ್ಯಾರಿಯರಿನ ಕೊನೆಗೆ ಒಂದು ಇಪ್ಪತ್ತು ಲೀಟರಿನ ಕ್ಯಾನು ಕಟ್ಟಿದಳು. ಒಳಗೆ ಮುಕ್ಕಾಲು ನೀರು. ಮುಕ್ಕಾಲೇ ಎಂದು ಅವಳಿಗೆ ಹೇಗೆ ತಿಳಿಯಿತು ಎಂದು ನಾನು ಕಣ್ಣು ಬಿಟ್ಟೆ.

“ಮುಚ್ಚಳ ಸೋರೋ ಕ್ಯಾನು ಯಾರೂ ಕಂಠಮಟ ತುಂಬ್ಸಂಗಿಲ್ರಿ,” ಎಂದಳು, ನಾನು ಕೇಳದಿದ್ದರೂ. “ಹೊಸಪೇಟಿ ಕಡಿ ನಾಕನೇ ಕಲ್ಲು ಮುಟ್ಟಿ ಬರ್ರಿ. ಅರವತ್ತು ದಾಟಿಸ್ರಿ.”

ಹೊರಟೆ. ಸುಳ್ಳು ಹೇಳಿ ಅಭ್ಯಾಸವಾದವನಿಗೆ ಇನ್ನೊಂದು ಹೇಳುವುದು ಕಷ್ಟವಲ್ಲ. ಕಣ್ಣಿಗೆ ಮರೆಯಾದ ಕೂಡಲೇ ನಲವತ್ತಕ್ಕೆ ಇಳಿಸಿ, ನಾಲ್ಕನೇ ಕಲ್ಲಿನಿಂದ ತಿರುಗಿ, ಊರು ಕಂಡ ಮೇಲೆ ಗಾಡಿಯ ಸದ್ದು ಮಾತ್ರ ಜೋರು ಮಾಡಿಕೊಂಡು ಬಂದು ಬ್ರೇಕು ಹಾಕಿದೆ.

“ಎಪ್ಪತ್ತಕ್ಕ ಓಡಿಸಿದೆ. ಏನೂ ಆಗ್ಲಿಲ್ಲಕ್ಕ,” ಎಂದೆ.

ನನ್ನ ಹಿಂದೆಯೇ ಅಂಜಿನೇಯಲು ಬಂದು ಇಳಿದ. ಅವನನ್ನು ಹಿಂದೆ ಕಳಿಸಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ.

“ಅಕ್ಕಾ, ಸಾರು ನಲವತ್ತು ದಾಟ್ಲಿಲ್ಲ,” ಎಂದ. “ಹುಲ್ಲಿನ ಟ್ರ್ಯಾಕ್ಟರು ನಮ್ಮಿಬ್ರನ್ನೂ ಹಿಂದ ಹಾಕಿ ಹೋತು. ಡ್ರೈವರ್ ನನ್ನ ನೋಡಿ ಪೆಟ್ರೋಲ್ ಬೇಕೇನು ಅಂತ ಕೇಳಿದ.”

ಜನ ಬಿದ್ದು ಬಿದ್ದು ನಕ್ಕರು. ಅಂಜಿನೇಯಲು ನಗಲಿಲ್ಲ. ನನ್ನಿಂದ ಬೀಗದ ಕೈ ಕಿತ್ತುಕೊಂಡು, ಕ್ಯಾನಿನ ಸಮೇತ ನನ್ನ ಗಾಡಿ ಹತ್ತಿ ಹೋದ. ಗೆಲ್ಲಬೇಕೆಂದಿದ್ದರೆ ಅವನೂ ನನ್ನ ಹಾಗೆ ಸುಳ್ಳು ಹೇಳಬಹುದಿತ್ತು, ಡಬ್ಬಿ ಅವನ ಕಾಲ ಬುಡದಲ್ಲೇ ಇತ್ತು. ವಾಪಸು ಬಂದಾಗ ಅವನ ಮುಖ ಬೆಳ್ಳಗಾಗಿತ್ತು. ಕ್ಯಾನು ಬಿಚ್ಚಿ ಕೆಳಗಿಟ್ಟು, ಮತ್ತೆ ಹೋಗಿ ಬಂದ.

“ಕ್ಯಾನು ಇದ್ರ ಐವತ್ತೆಂಟಕ್ಕ ಜೀವ ತೆಗಿತೈತಿ. ಇಲ್ದಿದ್ರ ಎಪ್ಪತ್ತೈದಕ್ಕೂ ಬಂಗಾರ,” ಎಂದು, ಡಬ್ಬಿ ಎತ್ತಿ ಹುಲುಗಮ್ಮಕ್ಕನ ಮುಂದೆ ಇಟ್ಟ.

ಅವಳು ಎಲ್ಲರಿಗೂ ಬಿಡಿಸಿ ಹೇಳಿದಳು. ಹಿಂದಿನ ಗಾಲಿಗಿಂತಲೂ ಹಿಂದೆ ತೂಕ ಜೋತುಬಿದ್ದರೆ ಮುಂದಿನ ಗಾಲಿ ಹಗುರಾಗುತ್ತದೆ. ಗಾಡಿ ಎಡಕ್ಕೆ ವಾಲಿದರೆ ಕ್ಯಾನಿನೊಳಗಿನ ನೀರು ತಡವಾಗಿ ವಾಲುತ್ತದೆ, ಗಾಡಿ ಬಲಕ್ಕೆ ಬರುವಾಗ ನೀರು ಇನ್ನೂ ಎಡಕ್ಕೆ ದೂಡುತ್ತಿರುತ್ತದೆ. ಮೆಲ್ಲಗೆ ಹೋದರೆ ತಿಳಿಯುವುದಿಲ್ಲ, ಜೋರಾದರೆ ಹ್ಯಾಂಡಲ್ ತಡೆಯುವುದಿಲ್ಲ. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಬೇರೆ.

“ಅದಿರ್ಲಿ, ನೀರು ಯಾರಿಗ್ರೀ ಸಾರ್?” ಚೌಡಣ್ಣ ಕೇಳಿಯೇ ಬಿಟ್ಟ. “ವಾರಾ ವಾರಾ!”

“ಏ, ಬಾಯಿ ಮುಚ್ಚು,” ಎಂದಳು ಹುಲುಗಮ್ಮಕ್ಕ. “ಗಾಡಿ ರೋಗ ಹೇಳೋದು ನನ್ನ ಕೆಲಸ. ನೀರು ಯಾರಿಗೆ ಅಂಬೋದು ಅವ್ರ ಮನಿ ಮಾತು. ಯಾರೂ ಕೇಳಂಗಿಲ್ಲ.”

ನನ್ನ ಮಾನ ಮುಚ್ಚಿದಳು. ಪಕ್ಕದ ಹೋಟೆಲಿನಲ್ಲೇ ಅವಳ ಮಾನ ತೆಗೆದವನು ನಾನು. ನಾಚಿಕೆಯಿಂದ ನೆಲ ನೋಡಿದೆ, ತಡೆಯಲಾಗಲಿಲ್ಲ, ಬಾಯಿ ತಾನಾಗಿ ತೆರೆಯಿತು.

“ಸಮತಾ ಟೀಚರ್‌ಗೆ,” ಎಂದೆ. “ಅವ್ರನ್ನ ಮದುವಿ ಆಗ್ಬೇಕು ಅಂತ ಅದೀನಿ. ಅವ್ರಿಗೆ ಇನ್ನಾ ಹೇಳಿಲ್ಲ.”

ಎದ್ದ ನಗೆಗೆ ತಗಡಿನ ಮೇಲಿನ ಕಾಗೆಗಳು ಹಾರಿಹೋದವು. ಮೂರು ಜನ ಆಗಲೇ ಸೈಕಲ್ ಹತ್ತಿ ಶಾಲೆಯ ಓಣಿಯ ಕಡೆ ಹೊರಟಿದ್ದರು. ನನ್ನ ಮದುವೆಯ ಪ್ರಸ್ತಾಪವನ್ನು ಸಮತಾಳಿಗೆ ಮುಟ್ಟಿಸಿದ್ದು ಅವರೇ, ನಾನಲ್ಲ.

ಹುಲುಗಮ್ಮಕ್ಕನ ಮುಖದಲ್ಲಿ ನಗುವಿರಲಿಲ್ಲ.

“ಒಳ್ಳೇದಾಗ್ಲಿ ಸಾರ್. ನನ್ನ ಕೆಲಸದ ಮಾತು ಹೇಳ್ರಿ.”

“ನಿನ್ನ ಕೆಲಸದಾಗ ಏನೂ ತಪ್ಪಿರ್ಲಿಲ್ಲಕ್ಕ,” ಎಂದೆ ಮೆಲ್ಲಗೆ. “ನಾ ಸುಳ್ಳು ಹೇಳಿದ್ದೆ.”

“ಅವತ್ತು ಇಷ್ಟು ಮೆತ್ತಗ ಹೇಳಿರ್ಲಿಲ್ಲ. ಹೋಟ್ಲಿನ ಮೂಲಿ ಬೆಂಚಿನವ್ರಿಗೂ ಕೇಳಿಸಿತ್ತು.”

ಹೋಟೆಲಿನ ಒಳಗೆ ಹೋದೆ. ಅವತ್ತು ನಿಂತಿದ್ದ ಜಾಗದಲ್ಲೇ ನಿಂತು, ಅವತ್ತಿನಷ್ಟೇ ದೊಡ್ಡ ದನಿಯಲ್ಲಿ, ಹುಲುಗಮ್ಮಕ್ಕ ಮಾಡಿದ ಮೂರೂ ರಿಪೇರಿ ಸರಿಯಾಗಿದ್ದವು, ಲೋಡು ಮುಚ್ಚಿಟ್ಟು ಅವಳ ಹೆಸರು ಕೆಡಿಸಿದವನು ನಾನು ಎಂದು ಕೂಗಿ ಹೇಳಿದೆ. ಮೂಲೆಯ ಬೆಂಚಿನ ಮುದುಕನಿಗೆ ಕಿವಿ ಮಂದ. ಅವನಿಗಾಗಿ ಇನ್ನೊಮ್ಮೆ ಹೇಳಿದೆ. ಚೌಡಣ್ಣ ತನಗೂ ಕೇಳಿಸಲಿಲ್ಲ ಎಂದು ಚೇಷ್ಟೆಗೆ ಹೇಳಿದ. ಮೂರನೇ ಸಲವೂ ಹೇಳಿದೆ.

ಕ್ಷಮೆ ಕೇಳೋಣವೆಂದು ಶೆಡ್ಡಿಗೆ ಬಂದರೆ ಜನ ಚದುರಿದ್ದರು. ಹುಲುಗಮ್ಮಕ್ಕ ಮಣೆಯ ಮೇಲೆ ಕೂತು, ಪಾನಾ ತೊಡೆಯ ಮೇಲಿಟ್ಟುಕೊಂಡು, ಗ್ರೀಸ್ ಮೆತ್ತಿದ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ಹಿಡಿದು ನೋಡುತ್ತಿದ್ದಳು. ಬೆರಳುಗಳು ಅಲ್ಲಾಡುತ್ತಿರಲಿಲ್ಲ. ಕೈಗಳನ್ನು ತಿರುಗಿಸಿ ಅಂಗೈ ನೋಡಿದಳು.

“ಕೈ ಸರೀನೇ ಅದಾವ,” ಎಂದಳು. ನನಗೆ ಹೇಳಿದ್ದಲ್ಲ.